ಪಾಠ ಹಲವು, ವಿದ್ಯಾರ್ಥಿ ಒಬ್ಬ

ಆರು, ಏಳು ಮತ್ತು ಎಂಟನೆಯ ತರಗತಿಗಳ ಮಕ್ಕಳು ಏನನ್ನು ಕಲಿಯುತ್ತಿದ್ದಾರೆ ಎಂದು ಕೇಳಿದರೆ ತಂದೆತಾಯಿಗಳು ಸಾಮಾನ್ಯವಾಗಿ ಒಂದು ಪಟ್ಟಿಯನ್ನು ಹೇಳುತ್ತಾರೆ: ಕನ್ನಡ, ಇಂಗ್ಲಿಷ್, ಹಿಂದಿ, ಗಣಿತ, ವಿಜ್ಞಾನ, ಸಮಾಜ ವಿಜ್ಞಾನ. ಆ ಪಟ್ಟಿ ಮಕ್ಕಳ ಚೀಲದಲ್ಲಿರುವ ಪುಸ್ತಕಗಳ ಲೆಕ್ಕವನ್ನು ಕೊಡುತ್ತದೆ. ಗಂಟೆ ಬಾರಿಸಿದಾಗ ಪುಸ್ತಕ ಬದಲಾಗುತ್ತದೆ, ಉಪಾಧ್ಯಾಯರು ಬದಲಾಗುತ್ತಾರೆ. ಕುಳಿತು ಕೇಳುವ ಜೀವ ಮಾತ್ರ ಒಂದೇ. ಈ ಆರು ಪಾಠಗಳು ಆ ಒಂದು ಜೀವದಲ್ಲಿ ಸೇರಿ ನಡತೆಯಾಗುತ್ತವೆಯೇ, ಇಲ್ಲವೇ ಆರು ಬೇರೆ ಬೇರೆ ಗಂಟುಗಳಾಗಿ ಉಳಿಯುತ್ತವೆಯೇ? ಇದು ಶಿಕ್ಷಣ ಇಲಾಖೆಗೆ ಬಿಟ್ಟು ಸುಮ್ಮನಿರಬಹುದಾದ ಪ್ರಶ್ನೆಯಲ್ಲ. ಸಮ್ಯಗ್ದರ್ಶನ, ಸಮ್ಯಗ್‌ಜ್ಞಾನ, ಸಮ್ಯಕ್‌ಚಾರಿತ್ರಗಳು ಮೂರೂ ಕೂಡಿದರೆ ಮಾತ್ರ ಮಾರ್ಗವಾಗುತ್ತದೆ ಎಂದು ನಂಬಿದ ಶ್ರಾವಕ ಸಮಾಜವು ಇದನ್ನು ತನ್ನದೆಂದೇ ವಿಚಾರಿಸಬೇಕಾಗಿದೆ.

ತುರುವೇಕೆರೆ ತಾಲೂಕಿನ ಅಮ್ಮಸಂದ್ರವನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಸುತ್ತ ತೆಂಗಿನ ತೋಟಗಳು; ನಡುವೆ ರೈಲು ನಿಲ್ದಾಣ; 1958ರಲ್ಲಿ ಸ್ಥಾಪನೆಯಾದ ಮೈಸೂರು ಸಿಮೆಂಟ್ಸ್ ಕಂಪನಿಯಿಂದ ಹೆಸರಾಗಿ, 2006ರಲ್ಲಿ ಹೈಡೆಲ್‌ಬರ್ಗ್ ಸಮೂಹದ ಕೈಸೇರಿದ ಸಿಮೆಂಟ್ ಕಾರ್ಖಾನೆ. ಇಲ್ಲಿನ ಬಾಲಕನಿಗೆ ತೆಂಗಿನಕಾಯಿಯು ಎಲ್ಲ ಪಾಠಗಳಲ್ಲಿಯೂ ಎದುರಾಗುತ್ತದೆ. ಬಲಿತ ಕಾಯಿಯನ್ನು ಅಟ್ಟದ ಮೇಲೆ ಹೆಚ್ಚುಕಡಿಮೆ ಒಂದು ವರ್ಷ ಇಟ್ಟರೆ ಒಳಗಿನ ನೀರು ಇಂಗಿ, ತಿರುಳು ಚಿಪ್ಪಿನಿಂದ ಬಿಟ್ಟುಕೊಂಡು, ಅಲ್ಲಾಡಿಸಿದಾಗ ಸದ್ದು ಮಾಡುವ ಉಂಡೆ ಕೊಬ್ಬರಿಯಾಗುವುದು ವಿಜ್ಞಾನ. ಅದರ ತೂಕ ಮತ್ತು ಬೆಲೆ ಗಣಿತ. ತಿಪಟೂರಿನ ಮಾರುಕಟ್ಟೆ ಮತ್ತು ಕೇಂದ್ರ ಸರ್ಕಾರದ ಬೆಂಬಲ ಬೆಲೆ ಸಮಾಜ ವಿಜ್ಞಾನ. ಒಂದೇ ಕಾಯಿ, ನೋಟ ಹಲವು. ಜೈನ ನ್ಯಾಯಶಾಸ್ತ್ರ ಇಂತಹ ಒಂದೊಂದು ನೋಟವನ್ನೂ ‘ನಯ’ ಎಂದು ಕರೆಯಿತು. ನಯವು ಸುಳ್ಳಲ್ಲ, ತಾನೇ ಪೂರ್ಣವೆಂದು ಹಠ ಹಿಡಿದಾಗ ಅದು ದುರ್ನಯವಾಗುತ್ತದೆ. ಶಾಲೆಯ ಒಂದೊಂದು ವಿಷಯವೂ ಒಂದು ನಯವೇ.

ಹಲವು ನೋಟಗಳನ್ನು ಆದರಿಸುವ ಈ ಗುಣವನ್ನು ಕನ್ನಡ ನಾಡಿನ ಜೈನ ವಿದ್ವಾಂಸರು ಮಾತಿನಲ್ಲಿ ಮಾತ್ರ ಹೇಳಿದವರಲ್ಲ. ರಾಷ್ಟ್ರಕೂಟ ಅಮೋಘವರ್ಷನ ಕಾಲದಲ್ಲಿ, 9ನೆಯ ಶತಮಾನದಲ್ಲಿ, ಮಹಾವೀರಾಚಾರ್ಯನು ‘ಗಣಿತಸಾರಸಂಗ್ರಹ’ವನ್ನು ರಚಿಸಿದನು, ಬಡ್ಡಿಯ ಲೆಕ್ಕಗಳಿಗೂ ಅದರಲ್ಲಿ ಸ್ಥಾನವುಂಟು. 12ನೆಯ ಶತಮಾನದ ರಾಜಾದಿತ್ಯನು ‘ವ್ಯವಹಾರಗಣಿತ’ವನ್ನು ಕನ್ನಡದಲ್ಲಿಯೇ ಬರೆದನು. ಕೀರ್ತಿವರ್ಮನು ದನಕರುಗಳ ಚಿಕಿತ್ಸೆಯನ್ನು ಕುರಿತು ‘ಗೋವೈದ್ಯ’ವನ್ನೂ, ಕೇಶಿರಾಜನು ವ್ಯಾಕರಣಕ್ಕೆ ‘ಶಬ್ದಮಣಿದರ್ಪಣ’ವನ್ನೂ, ಮಂಗರಾಜನು ವಿಷಚಿಕಿತ್ಸೆಗೆ ‘ಖಗೇಂದ್ರಮಣಿದರ್ಪಣ’ವನ್ನೂ ಕೊಟ್ಟರು. ಗಣಿತ, ಪಶುವೈದ್ಯ, ವ್ಯಾಕರಣ, ವೈದ್ಯ ಎಂಬ ಈ ವಿದ್ಯೆಗಳು ಅವರಿಗೆ ಧರ್ಮಕ್ಕೆ ಹೊರಗಾಗಿರಲಿಲ್ಲ. ಲೌಕಿಕ ಜ್ಞಾನವನ್ನು ಶುದ್ಧವಾಗಿ ಹೇಳುವುದೂ ಒಂದು ಸೇವೆ ಎಂದು ಅವರು ತಿಳಿದಂತೆ ಕಾಣುತ್ತದೆ.

ಇಂದಿನ ತರಗತಿಯ ಗಣಿತಕ್ಕೆ ಬರೋಣ. ಶೇಕಡಾ, ಲಾಭ–ನಷ್ಟ, ಬಡ್ಡಿ, ಇವು ಈ ವಯಸ್ಸಿನ ಮಕ್ಕಳು ಕಲಿಯುವ ಮುಖ್ಯ ಪಾಠಗಳು. 2025ರ ಹಂಗಾಮಿಗೆ ಉಂಡೆ ಕೊಬ್ಬರಿಯ ಬೆಂಬಲ ಬೆಲೆ ಕ್ವಿಂಟಲಿಗೆ 12,100 ರೂಪಾಯಿ ಎಂದು ನಿಗದಿಯಾಗಿತ್ತು. ಆ ಬೆಲೆಗೆ ಕೊಳ್ಳುವ ಒಬ್ಬ ವರ್ತಕನ ತಕ್ಕಡಿ 101 ಕಿಲೋವನ್ನು 100 ಕಿಲೋ ಎಂದು ತೋರಿಸುತ್ತದೆ ಎಂದಿಟ್ಟುಕೊಳ್ಳಿ. ಪ್ರತಿ ಕ್ವಿಂಟಲಿಗೆ ಅವನಿಗೆ ಉಳಿಯುವುದು 121 ರೂಪಾಯಿ. ವರ್ಷಕ್ಕೆ 500 ಕ್ವಿಂಟಲ್ ಕೊಂಡರೆ 60,500 ರೂಪಾಯಿ. ಇನ್ನೊಬ್ಬ ವರ್ತಕನು ಸರಿಯಾಗಿ ತೂಗಿ, ಜೋಪಾನವಾಗಿ ಸಂಗ್ರಹಿಸಿ, ಅದೇ 60,500 ರೂಪಾಯಿಯನ್ನು ದುಡಿದನೆನ್ನಿ. ‘ಲಾಭವೆಷ್ಟು?’ ಎಂಬ ಪ್ರಶ್ನೆಗೆ ಎರಡೂ ಕಡೆ ಉತ್ತರ ಒಂದೇ, ಎರಡಕ್ಕೂ ಪೂರ್ಣ ಅಂಕ. ಲೆಕ್ಕದ ದೃಷ್ಟಿಯಲ್ಲಿ ಇದು ತಪ್ಪಲ್ಲ. ಸಂಖ್ಯೆಗೆ ಕಳ್ಳತನದ ಗುರುತಿರುವುದಿಲ್ಲ. ಆದರೆ ತೋಟದವನು ವರ್ಷವಿಡೀ ಕಾದು ಇಳಿಸಿದ ಕೊಬ್ಬರಿಯ ನೂರರಲ್ಲೊಂದು ಪಾಲು ಎಲ್ಲಿಗೆ ಹೋಯಿತೆಂದು ಕೇಳಲು ಕಲಿಯದ ವಿದ್ಯಾರ್ಥಿಯು ಗಣಿತವನ್ನು ಕಲಿತೂ ವ್ಯವಹಾರವನ್ನು ಕಲಿಯಲಿಲ್ಲ.

ತತ್ತ್ವಾರ್ಥಸೂತ್ರವು ಅಚೌರ್ಯ ಅಣುವ್ರತದ ಅತಿಚಾರಗಳನ್ನು ಎಣಿಸುವಾಗ ಕಳ್ಳಮಾಲನ್ನು ಕೊಳ್ಳುವುದರ ಜೊತೆಯಲ್ಲಿಯೇ ಹೀನಾಧಿಕಮಾನೋನ್ಮಾನವನ್ನೂ ಪ್ರತಿರೂಪಕ ವ್ಯವಹಾರವನ್ನೂ ಸೇರಿಸಿದೆ. ಕೊಳ್ಳುವಾಗ ಹೆಚ್ಚು, ಮಾರುವಾಗ ಕಡಿಮೆ ಅಳೆಯುವುದು ಮೊದಲನೆಯದು. ಒಳ್ಳೆಯದರಲ್ಲಿ ಕೀಳನ್ನು ಬೆರೆಸುವುದು ಎರಡನೆಯದು. ಸತ್ಯ ಅಣುವ್ರತದ ಅತಿಚಾರಗಳಲ್ಲಿ ಕೂಟಲೇಖಕ್ರಿಯೆ, ಎಂದರೆ ಸುಳ್ಳು ಬರಹ, ಒಂದು. ಇವು ವರ್ತಕರಿಗಷ್ಟೇ ಸಂಬಂಧಿಸಿದವೆಂದು ಭಾವಿಸಬಾರದು. ಮಾಡದ ಪ್ರಯೋಗದ ಫಲಿತಾಂಶವನ್ನು ಗೆಳೆಯನ ಪುಸ್ತಕದಿಂದ ನೋಡಿ ಬರೆಯುವ ಬಾಲಕನು ಕೂಟಲೇಖದ ಮೊದಲ ಅಕ್ಷರವನ್ನು ತಿದ್ದುತ್ತಿದ್ದಾನೆ. ಅದನ್ನು ತಿಳಿದೂ ‘ಸರಿ’ ಗುರುತು ಹಾಕುವ ಹಿರಿಯರು ಆ ಅಕ್ಷರವನ್ನು ಗಟ್ಟಿ ಮಾಡುತ್ತಾರೆ. ಆ ದಿನ ವಿಜ್ಞಾನದ ಗಂಟೆಯಲ್ಲಿ ಕಲಿತದ್ದು ವಿಜ್ಞಾನವಲ್ಲ.

ವಿಜ್ಞಾನದ ವಿಷಯದಲ್ಲಿ ಜೈನ ಮನೆಗಳಿಗೆ ಬೇರೊಂದು ಎಚ್ಚರವೂ ಬೇಕು. ಸೂಕ್ಷ್ಮಜೀವಿಗಳ ಪಾಠ ಬಂದಾಗ ‘ಇದೆಲ್ಲ ನಮ್ಮ ಆಗಮಗಳಲ್ಲಿ ಆಗಲೇ ಇದೆ’ ಎಂದು ಮಕ್ಕಳಿಗೆ ಹೇಳುವ ವಾಡಿಕೆಯುಂಟು. ಕಣ್ಣಿಗೆ ಕಾಣದ ಜೀವರಾಶಿಯ ಬಗ್ಗೆ ಜಿನಾಗಮವು ಗಾಢವಾಗಿ ಚಿಂತಿಸಿದ್ದು ನಿಜ. ಆದರೆ ನಿಗೋದವು ಜೀವತತ್ತ್ವದ ವಿಚಾರ; ಬ್ಯಾಕ್ಟೀರಿಯವು 17ನೆಯ ಶತಮಾನದಲ್ಲಿ ಹಾಲೆಂಡಿನ ಲೇವನ್‌ಹುಕ್ ತಾನೇ ಉಜ್ಜಿ ಮಾಡಿದ ಮಸೂರದಲ್ಲಿ ಕಂಡ ವಸ್ತು. ಎರಡನ್ನೂ ಒಂದೇ ಎನ್ನುವುದರಿಂದ ಆಗಮದ ಗೌರವ ಹೆಚ್ಚುವುದಿಲ್ಲ; ಬಾಲಕನಿಗೆ ಪ್ರಮಾಣದ ವಿವೇಕ ಮಾತ್ರ ಕಡಿಮೆಯಾಗುತ್ತದೆ. ತಿಳಿದಷ್ಟನ್ನೇ ತಿಳಿದೆನೆನ್ನುವುದು ಸಮ್ಯಗ್‌ಜ್ಞಾನದ ಮೊದಲ ಮೆಟ್ಟಿಲು. ಸ್ಯಾದ್ವಾದಿಯ ಮನೆಯಲ್ಲಿ ಅದನ್ನು ಮರೆತರೆ ಬೇರೆಲ್ಲಿ ನೆನೆಯಬೇಕು?

ಪಠ್ಯಪುಸ್ತಕವಿಲ್ಲದ ಪಾಠವೂ ಒಂದಿದೆ. ಅದು ಮಧ್ಯಾಹ್ನದ ಊಟ. 2021ರ ಡಿಸೆಂಬರಿನಲ್ಲಿ ಕಲ್ಯಾಣ ಕರ್ನಾಟಕದ ಜಿಲ್ಲೆಗಳ ಶಾಲೆಗಳಲ್ಲಿ ಮೊಟ್ಟೆ ಕೊಡಲು ಆರಂಭಿಸಿದಾಗ ಹಲವು ಮಠಗಳೂ ಜೈನ ಸಮಾಜದ ಅನೇಕರೂ ವಿರೋಧಿಸಿದರು. ಮುಂದೆ ಅದು ರಾಜ್ಯವ್ಯಾಪಿಯಾಯಿತು. ಮೊಟ್ಟೆ ತಿನ್ನದ ಮಕ್ಕಳಿಗೆ ಬಾಳೆಹಣ್ಣು ದೊರೆಯುತ್ತದೆ. ಅಹಿಂಸಾಣುವ್ರತವನ್ನು ನಂಬಿದವರಿಗೆ ಮೊಟ್ಟೆ ಆಹಾರವಲ್ಲ. ಈ ಮಾತಿನಲ್ಲಿ ರಾಜಿಯಿಲ್ಲ. ಆದರೆ ಸಾಲಿನಲ್ಲಿ ಪಕ್ಕದಲ್ಲಿ ಕುಳಿತ ಮಗುವಿಗೆ ಅದು ಮನೆಯಲ್ಲಿ ಸಿಗದ ಪುಷ್ಟಿಯಾಗಿರಬಹುದು. ಬಾಳೆಹಣ್ಣು ಹಿಡಿದ ಜೈನ ಬಾಲಕನು ಆ ಮಗುವಿನ ತಟ್ಟೆಯನ್ನು ನೋಡಿ ಮುಖ ತಿರುಗಿಸಿದರೆ ಅವನ ನಾಲಿಗೆ ವ್ರತವನ್ನು ಉಳಿಸಿಕೊಂಡಿತು, ಕಣ್ಣು ಕಳೆದುಕೊಂಡಿತು. ಮನ, ವಚನ, ಕಾಯ ಮೂರರಿಂದಲೂ ಹಿಂಸೆಯಾಗುತ್ತದೆ ಎಂಬುದು ನಮ್ಮದೇ ಶಾಸ್ತ್ರ. ತಾನು ಬಿಟ್ಟದ್ದನ್ನು ದೃಢವಾಗಿ ಬಿಡುವುದು, ಬಿಡದವನನ್ನು ಹೀನೈಸದಿರುವುದು, ಇವೆರಡನ್ನೂ ಒಟ್ಟಿಗೆ ಕಲಿಯುವುದು ಹನ್ನೆರಡು ವರ್ಷದ ಮಗುವಿಗೆ ಕಠಿಣ. ಹಿರಿಯರಿಗೇ ಕಠಿಣವಾಗಿರುವುದನ್ನು ಕಂಡಿದ್ದೇವೆ.

ಇಲ್ಲಿ ಒಂದು ಆಕ್ಷೇಪ ಏಳಬಹುದು. ಸರ್ಕಾರಿ ಶಾಲೆ ಎಲ್ಲ ಮತಗಳವರದು. ಪೂರ್ಣವಾಗಿ ಸರ್ಕಾರದ ಹಣದಿಂದ ನಡೆಯುವ ಶಾಲೆಯಲ್ಲಿ ಮತಬೋಧನೆ ಕೂಡದೆಂದು ಸಂವಿಧಾನದ 28ನೆಯ ಅನುಚ್ಛೇದ ಹೇಳುತ್ತದೆ. ಅಣುವ್ರತಗಳಿಗೆ ಅಲ್ಲೇನು ಕೆಲಸ? ಆಕ್ಷೇಪ ನ್ಯಾಯವಾದದ್ದು. ಆದರೆ ಸರಿಯಾದ ತಕ್ಕಡಿ ಯಾವ ಮತದ ಸ್ವತ್ತೂ ಅಲ್ಲ. 1976ರಲ್ಲಿ ಸಂವಿಧಾನಕ್ಕೆ ಸೇರಿದ ಮೂಲಭೂತ ಕರ್ತವ್ಯಗಳಲ್ಲಿ ಜೀವಿಗಳ ಮೇಲಿನ ಅನುಕಂಪ ಮತ್ತು ವೈಜ್ಞಾನಿಕ ಮನೋಭಾವ ಅಕ್ಕಪಕ್ಕದ ಎರಡು ಖಂಡಗಳಲ್ಲಿ ನಿಂತಿವೆ. ಅವನ್ನು ಜೊತೆಯಾಗಿ ಕಲಿಸಲು ಯಾವ ಅಡ್ಡಿಯೂ ಇಲ್ಲ.

ಹಾಗಾದರೆ ನೀತಿಪಾಠಕ್ಕೆಂದೇ ಬೇರೆ ಗಂಟೆಯೊಂದನ್ನು ಇಟ್ಟರಾಯಿತಲ್ಲ ಎಂದು ಕೆಲವರು ಸೂಚಿಸುತ್ತಾರೆ. ಅದರಿಂದ ಅಪಕಾರವೇನಿಲ್ಲ, ಉಪಕಾರವೂ ಅಲ್ಪ. ನೀತಿಗೆ ಪ್ರತ್ಯೇಕ ಗಂಟೆ ಬಂದ ಕೂಡಲೇ ಉಳಿದ ಗಂಟೆಗಳಿಗೆ ಆ ಹೊಣೆ ತಪ್ಪಿತೆಂಬ ಭಾವನೆ ಬೆಳೆಯುತ್ತದೆ. ಸುಣ್ಣದ ಕಲ್ಲನ್ನು ಕಾಯಿಸಿದಾಗ ಇಂಗಾಲದ ಡೈಆಕ್ಸೈಡ್ ಹೊರಡುತ್ತದೆ ಎಂಬುದನ್ನು ಕಲಿಸುವಾಗಲೇ, ಸಿಮೆಂಟು ಮನೆ ಕಟ್ಟುತ್ತದೆ, ಕೂಲಿ ಕೊಡುತ್ತದೆ, ಗಾಳಿಗೆ ಭಾರವನ್ನೂ ಸೇರಿಸುತ್ತದೆ ಎಂಬ ಮೂರು ಮಾತುಗಳನ್ನು ಅಮ್ಮಸಂದ್ರದ ಉಪಾಧ್ಯಾಯರು ಒಟ್ಟಿಗೆ ಹೇಳಬಲ್ಲರು. ಅದಕ್ಕೆ ಬೇರೆ ಗಂಟೆ ಬೇಡ. ಐದು ನಿಮಿಷ ಸಾಕು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು 6ರಿಂದ 8ನೆಯ ತರಗತಿಯವರಿಗೆ ಸೂಚಿಸಿದ ಚೀಲವಿಲ್ಲದ 10 ದಿನಗಳ ಕಲ್ಪನೆಯಲ್ಲಿ ಒಳ್ಳೆಯ ಅಂಶವೊಂದಿದೆ. ಆ ನೀತಿಯ ಉಳಿದ ವಿವಾದಗಳೇನೇ ಇರಲಿ, ಒಂದು ದಿನ ಮಕ್ಕಳನ್ನು ಕೊಬ್ಬರಿ ಅಟ್ಟಕ್ಕೂ ತಕ್ಕಡಿಯ ಮುಂದಕ್ಕೂ ಕರೆದೊಯ್ದರೆ ಆರು ಪುಸ್ತಕಗಳು ಒಂದೆಡೆ ಸೇರುತ್ತವೆ.

ಮಕ್ಕಳನ್ನು ಅಳೆಯುವ ಬಗೆಯ ಕುರಿತು ರಾಜ್ಯದಲ್ಲಿ ದೊಡ್ಡ ವ್ಯಾಜ್ಯವೇ ನಡೆಯಿತು. 2023ರಲ್ಲಿ 5 ಮತ್ತು 8ನೆಯ ತರಗತಿಗಳಿಗೆ ರಾಜ್ಯಮಟ್ಟದ ಮೌಲ್ಯಾಂಕನ ಬಂದಾಗ ವಿಷಯ ನ್ಯಾಯಾಲಯ ಮುಟ್ಟಿತು. ಮರುವರ್ಷದ ಪರೀಕ್ಷೆಯ ಫಲಿತಾಂಶಕ್ಕೆ 2024ರ ಏಪ್ರಿಲಿನಲ್ಲಿ ಸರ್ವೋಚ್ಚ ನ್ಯಾಯಾಲಯ ತಡೆ ಕೊಟ್ಟಿತು. ಆದರೆ ಯಾವ ಮಂಡಳಿಯೂ ನಡೆಸದ, ಯಾವ ನ್ಯಾಯಾಲಯವೂ ತಡೆಯಲಾಗದ ಮೌಲ್ಯಾಂಕನವೊಂದು ದಿನವೂ ನಡೆಯುತ್ತದೆ. ಅದರಲ್ಲಿ ಪರೀಕ್ಷಕನು ಬಾಲಕ. ಪರೀಕ್ಷೆಗೆ ಕುಳಿತವರು ಮನೆಯವರು. ಶಾಲೆಯಲ್ಲಿ ಕಿಲೋಗ್ರಾಂ ಎಂದರೇನೆಂದು ಕಲಿತ ಮಗ ಸಂಜೆ ಅಂಗಡಿಗೆ ಬಂದು ತಂದೆಯ ತಕ್ಕಡಿಯನ್ನು ನೋಡುತ್ತಾನೆ. ಸತ್ಯದ ಪದ್ಯವನ್ನು ಬಾಯಿಪಾಠ ಮಾಡಿದ ಮಗಳು, ಫೋನಿನಲ್ಲಿ ‘ಮನೆಯಲ್ಲಿಲ್ಲವೆಂದು ಹೇಳು’ ಎನ್ನುವ ಮಾತನ್ನು ಕೇಳುತ್ತಾಳೆ. ಶಾಲೆಯ ಆರು ನಯಗಳು ಕೂಡಬೇಕಾದ ಸ್ಥಳ ಅದೇ. ಅಲ್ಲಿ ಅವು ಕೂಡದಿದ್ದರೆ ಯಾವ ಪಠ್ಯಕ್ರಮವೂ ಅವನ್ನು ಕೂಡಿಸಲಾರದು.

ಆದುದರಿಂದ ಮಕ್ಕಳು ಶಾಲೆಯಲ್ಲಿ ಏನು ಕಲಿಯುತ್ತಿದ್ದಾರೆಂದು ವಿಚಾರಿಸಲು ಹೊರಡುವ ಶ್ರಾವಕನು ಮೊದಲು ತನ್ನ ಅಂಗಡಿಯ ತೂಕದ ಕಲ್ಲುಗಳನ್ನೂ ಲೆಕ್ಕದ ಪುಸ್ತಕವನ್ನೂ ಒಮ್ಮೆ ನೋಡಿಕೊಳ್ಳುವುದು ಲೇಸು. ಅವು ಸರಿಯಿದ್ದರೆ ಉಪಾಧ್ಯಾಯರ ಅರ್ಧ ಕೆಲಸ ಮನೆಯಲ್ಲಿಯೇ ಮುಗಿದಿರುತ್ತದೆ.