ಕಿವಿಯೊಳಗಿನ ಸಾಕ್ಷಿ

ಪರರ ಮನಸ್ಸನ್ನು ಅರಿಯುವ ಅಧಿಕಾರವು ಯಾರಿಗುಂಟು? ಈ ಪ್ರಶ್ನೆಯು ನಮ್ಮ ನಾಡಿಗೆ ಹೊಸತಲ್ಲ. ಧವಲಾದಿ ಸಿದ್ಧಾಂತಗ್ರಂಥಗಳ ಓಲೆಗಳನ್ನು ಶತಮಾನಗಳ ಕಾಲ ಕಾಪಾಡಿದ ಮೂಡುಬಿದಿರೆಯ ಜೈನವಿದ್ವಾಂಸರಿಗೆ ಇದು ಚಿರಪರಿಚಿತವಾದುದು. ಜೈನಾಗಮವು ಹೇಳುವ ಐದು ಜ್ಞಾನಗಳಲ್ಲಿ ನಾಲ್ಕನೆಯದಾದ ಮನಃಪರ್ಯಯವು ಪರಚಿತ್ತವನ್ನು ಅರಿಯುವ ಜ್ಞಾನ. ಸಂಯಮಿಯಾದ ಮುನಿಗಲ್ಲದೆ ಅನ್ಯರಿಗೆ ಅದು ಲಭಿಸದೆಂಬುದು ಸಿದ್ಧಾಂತ.

ಇಂದಾದರೋ ಆ ಜ್ಞಾನದ ಅಲ್ಪಾಂಶವು ಯಂತ್ರಕ್ಕೆ ವಶವಾಗತೊಡಗಿದೆ. ಹೃದಯದ ವಿದ್ಯುತ್ತನ್ನು ಗೆರೆಯಾಗಿ ಬರೆಯಿಸಿದ ಐಂತೋವನ್ ಪಂಡಿತನಿಗೆ ನೊಬೆಲ್ ಪಾರಿತೋಷಕವು ದೊರೆತ 1924ರಲ್ಲಿಯೇ ಜರ್ಮನಿಯ ಹಾನ್ಸ್ ಬರ್ಗರನು ಮನುಷ್ಯನ ಮೆದುಳಿನ ವಿದ್ಯುತ್ತನ್ನು ಮೊದಲು ದಾಖಲಿಸಿದನು. ಈಗ ಆ ಎರಡನ್ನೂ ಕಿವಿಯಲ್ಲಿ ತೊಡುವ ಕಿರುಸಾಧನವೊಂದರಿಂದಲೇ ಗ್ರಹಿಸಲು ಸಾಧ್ಯವಾಗಿದೆ. ಚಾಲಕನು ತೂಕಡಿಸತೊಡಗಿದಾಗ ಮೆದುಳಿನ ಅಲೆಗಳು ಮಂದವಾಗುವುದನ್ನೂ ಎದೆಬಡಿತವು ಬದಲಾಗುವುದನ್ನೂ ಅದರಿಂದ ತಿಳಿಯಲು ಸಂಶೋಧಕರು ಯತ್ನಿಸುತ್ತಿದ್ದಾರೆ.

ಬಂಟ್ವಾಳದಿಂದ ಹೊರಟು ಬೆಳ್ತಂಗಡಿ, ಉಜಿರೆಗಳನ್ನು ದಾಟಿ ಚಾರ್ಮಾಡಿ ಘಟ್ಟವನ್ನೇರುವ ಬಸ್ಸೊಂದನ್ನು ವಾಚಕರು ಭಾವಿಸಬೇಕು. ಅದರೊಳಗಿನ ಪ್ರಾಣಗಳೆಲ್ಲ ಒಬ್ಬನ ಕಣ್ಣೆವೆಯನ್ನು ನೆಚ್ಚಿಕೊಂಡಿವೆ. ಅವನ ಎಚ್ಚರವನ್ನು ಅಳೆಯುವುದು ತಪ್ಪೆಂದು ಯಾರು ಹೇಳಿಯಾರು? ಆದರೆ ಅದೇ ಅಳತೆಯು ಯಜಮಾನನ ಕಚೇರಿಯನ್ನು ಸೇರಿದರೆ, ನೌಕರನ ಬಳಲಿಕೆಯೂ ರೋಗದ ಸುಳಿವೂ ಅವನಿಗೇ ವಿರುದ್ಧವಾದ ಸಾಕ್ಷ್ಯವಾಗಬಹುದು. ಸಾಕ್ಷಿಯಾದರೂ ತಪ್ಪದುದಲ್ಲ. ಕಿವಿಗೆ ದೊರೆಯುವ ಮೆದುಳಿನ ವಿದ್ಯುತ್ತು ಅತ್ಯಲ್ಪ. ತಿರುವಿನ ಕುಲುಕಾಟವಾಗಲಿ, ಎಲೆಯಡಿಕೆ ಜಗಿಯುವ ದವಡೆಯ ಚಲನೆಯಾಗಲಿ ಅದನ್ನು ಮುಚ್ಚಿಬಿಡಬಲ್ಲುದು.

ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ ಎಂಬ ವ್ಯಾಜ್ಯದಲ್ಲಿ ಸರ್ವೋಚ್ಚ ನ್ಯಾಯಾಲಯವು, ಆರೋಪಿಯ ಮೆದುಳಿನ ಪರೀಕ್ಷೆಯನ್ನು ಬಲಾತ್ಕಾರದಿಂದ ನಡೆಸಬಾರದೆಂದು 2010ರಲ್ಲಿ ತೀರ್ಪಿತ್ತಿತು. ಅಪರಾಧದ ಶಂಕೆಗೊಳಗಾದವನಿಗೆ ದೊರೆತ ಈ ರಕ್ಷೆಯು ಅನ್ನಕ್ಕಾಗಿ ದುಡಿಯುವವನಿಗೆ ಬೇಡವೇ? ಚಾಲಕನೇ ಸಮ್ಮತಿಸಿದರೆ ಬಾಧಕವೇನೆಂದು ಕೆಲವರು ಕೇಳಬಹುದು. ಕೆಲಸ ಹೋದೀತೆಂಬ ಭಯದಿಂದ ಹುಟ್ಟಿದ ಸಮ್ಮತಿಯು ಸಮ್ಮತಿಯೆನಿಸದು.

ಹಾಗೆಂದು ಪ್ರಯಾಣಿಕರ ಪ್ರಾಣವನ್ನು ಕಡೆಗಣಿಸಲಾಗದು. ಸಾಧನವು ತೊಟ್ಟವನ ಕಿವಿಯಲ್ಲಿಯೇ ಎಚ್ಚರಿಕೆಯನ್ನು ನುಡಿಯಲಿ. ದಾಖಲೆಯು ಅವನದಾಗಿಯೇ ಉಳಿಯಲಿ. ಯಜಮಾನನಿಗೆ ಬದಲಿ ಚಾಲಕನು ಬೇಕೆಂಬ ಒಂದು ಮಾತು ತಲಪಿದರೆ ಸಾಕು. ಗಾಡಿ ನಿಲ್ಲಿಸಿದ ಕಾರಣಕ್ಕೆ ಸಂಬಳವು ಕಡಿಮೆಯಾಗದೆಂಬ ಭರವಸೆಯೂ ಅವನಿಗಿರಬೇಕು. ಅಷ್ಟಿದ್ದೂ ಎಚ್ಚರಿಕೆಯನ್ನು ಅಲಕ್ಷಿಸಿ ಮುಂದೆ ಸಾಗಿದರೆ ಆ ದೋಷವು ಅವನದೇ ಸರಿ.

ಇನ್ನು, ಬಳಲಿಕೆಗೆ ಔಷಧವು ವಿಶ್ರಾಂತಿಯೇ ಹೊರತು ಪಹರೆಯಲ್ಲ. ಮೋಟಾರು ಸಾರಿಗೆ ಕೆಲಸಗಾರರಿಗೆ ಸಾಮಾನ್ಯವಾಗಿ ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆಗಳ ದುಡಿಮೆಯ ಮಿತಿಯನ್ನು 1961ರ ಶಾಸನವೇ ಗೊತ್ತುಪಡಿಸಿತ್ತು. ದುಡಿದ ಗಂಟೆಗಳನ್ನೆಣಿಸಲು ಯಾರ ಮೆದುಳನ್ನೂ ಓದಬೇಕಾಗಿಲ್ಲ. ಆ ಲೆಕ್ಕವನ್ನು ಪ್ರಾಮಾಣಿಕವಾಗಿ ಇಡಲೊಲ್ಲದ ಯಜಮಾನನಿಗೆ ನೌಕರನ ಚಿತ್ತವನ್ನು ಅರಿಯುವ ಅರ್ಹತೆಯು ಎಲ್ಲಿಂದ ಬರಬೇಕು? ಪರಚಿತ್ತಜ್ಞಾನಕ್ಕೆ ಮೊದಲು ಸಂಯಮವಿರಬೇಕೆಂಬ ಹಿರಿಯರ ನಿಯಮವು, ಮುನಿಗಳ ಸ್ಥಾನದಲ್ಲಿ ಯಂತ್ರಗಳು ಬಂದು ನಿಂತಿರುವ ಈ ಕಾಲಕ್ಕೆ ಇನ್ನೂ ಹೆಚ್ಚಾಗಿ ಸಲ್ಲುವುದು.