ಹಕ್ಕಿಯನ್ನು ಮನೆಗೆ ತರುವ ಮುನ್ನ

ಮಂಗಳೂರಿನ ನಮ್ಮ ಪರಿಚಿತರೊಬ್ಬರು ಕುಟುಂಬ ಸಮೇತ ದುಬೈಗೆ ಹೊರಟಿದ್ದಾರೆ. ಮನೆ ಬಾಡಿಗೆಗೆ ಹೋಯಿತು, ಕಾರು ಮಾರಾಟವಾಯಿತು, ಫ್ರಿಜ್ಜು ತಂಗಿಯ ಮನೆ ಸೇರಿತು. ಉಳಿದದ್ದು ಒಂದು ಕಾಕಟೂ. ಗಿಳಿಯ ಬಳಗಕ್ಕೆ ಸೇರಿದ, ಕಾಗೆಗಿಂತ ದೊಡ್ಡದಾದ ಬಿಳಿ ಹಕ್ಕಿ; ತಲೆಯ ಮೇಲೆ ಹಳದಿ ಜುಟ್ಟು. "ನೀವು ಇಟ್ಟುಕೊಳ್ಳಿ, ಹಣವೇನೂ ಬೇಡ, ಪಂಜರವನ್ನೂ ಕೊಡುತ್ತೇನೆ" ಎಂದರು. ಮಕ್ಕಳು ಅಂದಿನಿಂದಲೇ ಹಕ್ಕಿಗೆ ಹೊಸ ಹೆಸರು ಹುಡುಕತೊಡಗಿದರು. ನಾವು ಮಾತ್ರ ಹೂಂ ಎನ್ನಲಾಗದೆ ಊಹೂಂ ಎನ್ನಲೂ ಆಗದೆ ಎರಡು ವಾರ ಕಳೆದೆವು. ಪುಕ್ಕಟೆ ಸಿಗುವ ಹಕ್ಕಿಗೆ ಇಷ್ಟೊಂದು ಯೋಚನೆಯೇಕೆಂದು ನೆರೆಯವರು ನಕ್ಕರು.

ಕಾಕಟೂ ನಮ್ಮ ನಾಡಿನ ಹಕ್ಕಿಯಲ್ಲ. ಆಸ್ಟ್ರೇಲಿಯಾ, ನ್ಯೂಗಿನಿ, ಇಂಡೋನೇಷ್ಯಾದ ದ್ವೀಪಗಳು, ಫಿಲಿಪೈನ್ಸ್ ಇದರ ತವರು. ದೂರದಿಂದ ಬಂದ ಅಂದದ ಮೇಲೆ ಮನುಷ್ಯನಿಗಿರುವ ಮೋಹ ಹಳೆಯದು. ಹದಿಮೂರನೇ ಶತಮಾನದಲ್ಲಿ ಈಜಿಪ್ಟಿನ ಅಯ್ಯೂಬಿ ಸುಲ್ತಾನ ಅಲ್-ಕಾಮಿಲ್, ಸಿಸಿಲಿಯನ್ನು ಆಳುತ್ತಿದ್ದ ಚಕ್ರವರ್ತಿ ಎರಡನೇ ಫ್ರೆಡರಿಕ್‌ಗೆ ಬಿಳಿ ಕಾಕಟೂವೊಂದನ್ನು ಕೊಡುಗೆಯಾಗಿ ಕಳುಹಿಸಿದ್ದನು. ಹಕ್ಕಿಗಳ ಬೇಟೆಯ ಕುರಿತು ಆ ಚಕ್ರವರ್ತಿ ಬರೆದ ಗ್ರಂಥದಲ್ಲಿ ಅದರ ಚಿತ್ರಗಳಿವೆ; ಹಸ್ತಪ್ರತಿ ಇಂದು ವ್ಯಾಟಿಕನ್ ಗ್ರಂಥಾಲಯದಲ್ಲಿದೆ. ಶಿಲುಬೆ ಯುದ್ಧಗಳ ಕಾಲದಲ್ಲಿ ಇಬ್ಬರು ದೊರೆಗಳು ಕತ್ತಿಯ ಬದಲು ಹಕ್ಕಿಯನ್ನು ಕಳುಹಿಸಿಕೊಂಡರೆಂದು ಓದುವಾಗ ಖುಷಿಯಾಗುತ್ತದೆ. ಆದರೆ ಎಷ್ಟೋ ಕಡಲುಗಳನ್ನು ದಾಟಿ ಬಂದ ಆ ಹಕ್ಕಿಯ ಪಾಡೇನೆಂದು ಯಾರೂ ಕೇಳಿದಂತಿಲ್ಲ.

ಇಂದು ಅದೇ ಮೋಹಕ್ಕೆ ದೊಡ್ಡ ಮಾರುಕಟ್ಟೆಯಿದೆ. ಆಸ್ಟ್ರೇಲಿಯಾ ತನ್ನ ಕಾಡುಜೀವಿಗಳ ವ್ಯಾಪಾರಿ ರಫ್ತನ್ನು 1960ರಲ್ಲೇ ನಿಷೇಧಿಸಿತು. ಆದರೂ ಕಳ್ಳಸಾಗಣೆ ನಿಂತಿಲ್ಲ. 2015ರಲ್ಲಿ ಇಂಡೋನೇಷ್ಯಾದ ಸುರಬಾಯ ಬಂದರಿನಲ್ಲಿ ಪೊಲೀಸರು ಹಡಗಿನ ಪ್ರಯಾಣಿಕನೊಬ್ಬನನ್ನು ಹಿಡಿದಾಗ, ಅವನ ಸಾಮಾನಿನಲ್ಲಿ ಕುಡಿಯುವ ನೀರಿನ ಪ್ಲಾಸ್ಟಿಕ್ ಬಾಟಲಿಗಳಿದ್ದವು. ಒಳಗೆ ನೀರಲ್ಲ, ಜೀವಂತ ಹಳದಿ ಜುಟ್ಟಿನ ಕಾಕಟೂಗಳು. ಬಾಟಲಿ ಕತ್ತರಿಸಿ ಅವುಗಳನ್ನು ಹೊರತೆಗೆಯಬೇಕಾಯಿತು. ಹಣ ಕೊಟ್ಟು ಹಕ್ಕಿ ತರುವವರು ಅದು ಎಲ್ಲಿಂದ ಬಂತೆಂದು ಕೇಳಲೇಬೇಕು.

ನಮ್ಮದು ಖರೀದಿಯಲ್ಲ. ಹಾಗಾಗಿ ನಮ್ಮನ್ನು ಕಾಡಿದ್ದು ಬೇರೆಯೇ ಪ್ರಶ್ನೆ. ಆಸ್ಟ್ರೇಲಿಯಾದಿಂದ 1934ರಲ್ಲಿ ಶಿಕಾಗೋ ಬಳಿಯ ಬ್ರೂಕ್‌ಫೀಲ್ಡ್ ಮೃಗಾಲಯಕ್ಕೆ ಬಂದ 'ಕುಕಿ' ಎಂಬ ಕಾಕಟೂ ಸತ್ತದ್ದು 2016ರಲ್ಲಿ, ತನ್ನ 83ನೇ ವಯಸ್ಸಿನಲ್ಲಿ. ಎಲ್ಲ ಹಕ್ಕಿಯೂ ಅಷ್ಟು ಬಾಳದು, ಆದರೆ ದೊಡ್ಡ ಜಾತಿಯವು ಚೆನ್ನಾಗಿ ಸಾಕಿದರೆ ನಾಲ್ಕೈದು ದಶಕ ಬದುಕುವುದು ವಿಶೇಷವೇನಲ್ಲ. ನಮಗೆ ಐವತ್ತು ದಾಟಿದೆ. ಪರಿಚಿತರ ಹಕ್ಕಿಗೆ ಹನ್ನೊಂದು. ಲೆಕ್ಕ ಹಾಕಿದರೆ ಅದು ನಮ್ಮ ಮಯ್ಯತ್ ನೋಡುವ ಸಾಧ್ಯತೆಯೇ ಹೆಚ್ಚು. ಹಿರಿಯ ಮಗಳನ್ನು ಕೇಳಿದೆವು: "ನಮ್ಮ ನಂತರ ನೀನು ನೋಡಿಕೊಳ್ಳುತ್ತೀಯಾ?" ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಮದುವೆಯಾದ ಮೇಲೆ ಆ ಮನೆಯವರು ಒಪ್ಪಬೇಕಲ್ಲ" ಎಂದಳು. ಹೆಸರು ಹುಡುಕುತ್ತಿದ್ದ ಚಿಕ್ಕವರಿಗೆ ಈ ಮಾತು ಅರ್ಥವಾಗಲಿಲ್ಲ.

ಅರಬಿಯ ಅಮಾನತ್ ಕನ್ನಡಕ್ಕೆ ಬಂದು ಸರಕಾರಿ ನೌಕರರನ್ನು ಕೆಲಸದಿಂದ ದೂರವಿಡುವ ಶಿಕ್ಷೆಯ ಹೆಸರಾಗಿಬಿಟ್ಟಿದೆ. ಮೂಲದಲ್ಲಿ ಅದು ನಂಬಿ ಒಪ್ಪಿಸಿದ ಸೊತ್ತು. ಕೊಟ್ಟವನಿಗೆ ಉತ್ತರ ಹೇಳಬೇಕಾದ ಹೊಣೆ. ಹಕ್ಕಿ ಸಾಕುವುದು ಇಸ್ಲಾಮಿನಲ್ಲಿ ನಿಷಿದ್ಧವಲ್ಲ. ಅಬೂ ಉಮೈರ್ ಎಂಬ ಪುಟ್ಟ ಬಾಲಕನ ಹಕ್ಕಿ ಸತ್ತಾಗ ಪ್ರವಾದಿ ಮುಹಮ್ಮದ್(ಸ) ಅವನನ್ನು ಅಕ್ಕರೆಯಿಂದ ಮಾತನಾಡಿಸಿ ಸಂತೈಸಿದರು. ವಿದ್ವಾಂಸರು ಇದನ್ನೇ ಅನುಮತಿಗೆ ಆಧಾರವೆಂದು ತೋರಿಸುತ್ತಾರೆ. ಆದರೆ ಬೆಕ್ಕನ್ನು ಕೂಡಿಹಾಕಿದ ಸ್ತ್ರೀಯ ಪ್ರಸಂಗವೂ ಹದೀಸ್‌ಗಳಲ್ಲಿದೆ. ಅವಳು ಅದಕ್ಕೆ ಆಹಾರ ಕೊಡಲಿಲ್ಲ, ತಾನಾಗಿ ಹುಡುಕಿ ತಿನ್ನಲೂ ಬಿಡಲಿಲ್ಲ. ಅನುಮತಿಯನ್ನು ನಾವು ಬೇಗ ನೆನಪಿಟ್ಟುಕೊಳ್ಳುತ್ತೇವೆ, ಷರತ್ತನ್ನು ಮರೆಯುತ್ತೇವೆ.

ಇಲ್ಲಿ ಕೇಳಬೇಕಾದದ್ದು, ಕಾಕಟೂವಿನ ಮಟ್ಟಿಗೆ ಆಹಾರವೆಂದರೇನು? ಕಾಳು, ನೀರು ಇಟ್ಟರೆ ಮುಗಿಯಿತೇ? ಇದು ಕಾಡಿನಲ್ಲಿ ಹಿಂಡಾಗಿ ಬದುಕುವ, ಜೋಡಿಯನ್ನು ವರ್ಷಾನುಗಟ್ಟಲೆ ಬಿಡದ ಜೀವಿ. ಪಶುಪಕ್ಷಿಗಳೂ ನಿಮ್ಮಂತೆಯೇ ಸಮುದಾಯಗಳೆಂದು ಪವಿತ್ರ ಕುರ್‌ಆನ್ ಹೇಳುವುದನ್ನು ಈ ಹಕ್ಕಿಯಲ್ಲಿ ಕಣ್ಣಾರೆ ನೋಡಬಹುದು. ಸಿಡ್ನಿಯ ಕಾಕಟೂಗಳು ಮನೆಗಳ ಮುಂದಿನ ಕಸದ ಡಬ್ಬಿಯ ಮುಚ್ಚಳ ಎತ್ತುವ ವಿದ್ಯೆಯನ್ನು ಒಂದರಿಂದೊಂದು ನೋಡಿ ಕಲಿತದ್ದನ್ನು ವಿಜ್ಞಾನಿಗಳು 2021ರಲ್ಲಿ ಪ್ರಕಟಿಸಿದರು. 2013ರ ಇನ್ನೊಂದು ಅಧ್ಯಯನದಲ್ಲಿ, ಆಸ್ಟ್ರಿಯಾದಲ್ಲಿ ಸಾಕಿದ ಇದೇ ಬಳಗದ ಹಕ್ಕಿಗಳು ಒಂದರ ಹಿಂದೊಂದಿದ್ದ ಐದು ಬಗೆಯ ಚಿಲಕಗಳನ್ನು ತೆಗೆದವು. ಇಂಥ ಬುದ್ಧಿಯನ್ನು ಬೆಳಗಿನಿಂದ ಸಂಜೆಯವರೆಗೆ ಕೋಲಿನ ಮೇಲೆ ಕೂರಿಸಿಟ್ಟರೆ ಅದು ಏನು ಮಾಡಬೇಕು? ಕಿರುಚುತ್ತದೆ. ಅದಕ್ಕೂ ಯಾರೂ ಬರದಿದ್ದರೆ ತನ್ನ ಗರಿಗಳನ್ನು ತಾನೇ ಕಿತ್ತುಕೊಳ್ಳತೊಡಗುತ್ತದೆ, ಕೆಲವೊಮ್ಮೆ ಚರ್ಮ ಕಾಣುವವರೆಗೆ.

ಪರಿಚಿತರ ಮನೆಗೆ ಹೋದಾಗ ನಾವು ನೋಡಿದ್ದೂ ಅದನ್ನೇ. ಎದೆಯ ಮೇಲೆ ಅಂಗೈಯಗಲ ಗರಿಯಿಲ್ಲ. ದಂಪತಿಗಳಿಬ್ಬರೂ ದುಡಿಯುವವರು, ಕೆಟ್ಟವರಲ್ಲ. ಮರಿಯಾಗಿದ್ದಾಗ ಹೆಗಲಿನಿಂದ ಇಳಿಯುತ್ತಿರಲಿಲ್ಲವಂತೆ. ಆಗ ಮುದ್ದು ಮಾಡಿ ಮಾಡಿ ಮನುಷ್ಯರಿಲ್ಲದೆ ಇರಲಾರದಂತೆ ಬೆಳೆಸಿದರು. ಮಕ್ಕಳು ಹುಟ್ಟಿದ ಮೇಲೆ ಸಮಯ ಸಿಗಲಿಲ್ಲ. ಹೊಡೆಯದೆ, ಉಪವಾಸ ಕೆಡವದೆಯೂ ಒಂದು ಜೀವಕ್ಕೆ ಅನ್ಯಾಯ ಮಾಡಲು ಸಾಧ್ಯವೆಂದು ಅಲ್ಲಿ ನಮಗೆ ತಿಳಿಯಿತು. ನಮ್ಮ ಮನೆಯಲ್ಲೂ ಮಧ್ಯಾಹ್ನದವರೆಗೆ ಯಾರೂ ಇರುವುದಿಲ್ಲ.

ಉಳಿದವು ಮನೆವಾರ್ತೆಯ ಸಂಗತಿಗಳು. ಅದರ ಕೂಗು ಅಕ್ಕಪಕ್ಕದ ನಾಲ್ಕು ಮನೆ ದಾಟುತ್ತದೆ. ಫ್ಲ್ಯಾಟಿನಲ್ಲಿರುವವರು ನೆರೆಯವರ ಹಕ್ಕನ್ನೂ ನೆನೆಯಬೇಕು. ಗರಿಯಿಂದ ಬಿಳಿ ಪುಡಿ ಸದಾ ಉದುರುತ್ತದೆ, ಉಬ್ಬಸದವರಿದ್ದರೆ ಕಷ್ಟ. ಕೊಕ್ಕಿಗೆ ಬಾಗಿಲ ಚೌಕಟ್ಟೂ ಒಂದೇ, ಬೆರಳೂ ಒಂದೇ. ಬರೀ ಸೂರ್ಯಕಾಂತಿ ಬೀಜ ಹಾಕಿದರೆ ಕೊಬ್ಬು ಬೆಳೆಯುತ್ತದೆ. ಬೆಣ್ಣೆಹಣ್ಣು, ಚಾಕೊಲೇಟ್ ವಿಷ. ನಾನ್‌ಸ್ಟಿಕ್ ಬಾಣಲೆ ಅತಿಯಾಗಿ ಕಾದು ಹೊಗೆಯೆದ್ದರೆ ಹಕ್ಕಿ ಸಾಯಬಹುದು. ದನ, ಆಡು ನೋಡುವ ವೈದ್ಯರೆಲ್ಲರಿಗೂ ಇದರ ಕಾಯಿಲೆ ತಿಳಿದಿರುವುದಿಲ್ಲ. ಕಾನೂನೂ ಇದೆ. ನಮ್ಮ ಊರಿನ ಗಿಳಿಗಳನ್ನು ಪಂಜರದಲ್ಲಿಡುವುದು 1972ರ ವನ್ಯಜೀವಿ ಕಾಯ್ದೆಯಡಿ ಅಪರಾಧ. ಕಾಕಟೂವಿನಂಥ ವಿದೇಶಿ ಹಕ್ಕಿಗಳನ್ನು ಸಾಕುವವರು 2022ರ ತಿದ್ದುಪಡಿ ಮತ್ತು 2024ರ ನಿಯಮಗಳ ಪ್ರಕಾರ ನೋಂದಾಯಿಸಬೇಕು. ಹಕ್ಕಿ ಕೈ ಬದಲಾದರೂ, ಸತ್ತರೂ ತಿಳಿಸಬೇಕು. ಪರಿಚಿತರ ಬಳಿ ಕಾಗದವೇನೂ ಇರಲಿಲ್ಲ. "ಯಾರು ಕೇಳುತ್ತಾರೆ ಬಿಡಿ" ಎಂದರು.

ಮಿತ್ರರೊಬ್ಬರು ಸುಲಭದ ದಾರಿ ಸೂಚಿಸಿದರು: ಹಾರಲು ಬಿಟ್ಟುಬಿಡಿ, ಪುಣ್ಯ ಬರುತ್ತದೆ. ಮನುಷ್ಯರ ಕೈಯಲ್ಲೇ ಬೆಳೆದು, ಇಲ್ಲಿನ ಯಾವ ಮರದ ಕಾಯಿಯನ್ನೂ ಅರಿಯದ ಹಕ್ಕಿಗೆ ಅದು ಬಿಡುಗಡೆಯಲ್ಲ, ಸಾವು. ಹಾಗೆಂದು ನಾವು ಬೇಡವೆಂದರೆ ಅದು ಇನ್ನೂ ಕೆಟ್ಟ ಕೈಗೆ ಹೋಗಬಹುದು ಎಂಬ ಮಾತಿಗೆ ನಮ್ಮಲ್ಲಿ ಉತ್ತರವಿಲ್ಲ. ಬೇಡವೆನ್ನುವುದರಿಂದ ನಾವೇನೂ ಶುದ್ಧರಾಗುವುದಿಲ್ಲ.

ಕೊನೆಗೆ ಬೇಡವೆಂದೇ ಹೇಳಿದೆವು. ಮೊದಲು ನೋಂದಣಿಯ ವಿಷಯವನ್ನು ಅರಣ್ಯ ಇಲಾಖೆಯಲ್ಲಿ ವಿಚಾರಿಸುವಂತೆ ಅವರನ್ನು ಒಪ್ಪಿಸಿದ್ದೇವೆ. ದಿನವಿಡೀ ಜನರಿರುವ, ಈಗಾಗಲೇ ಇಂಥದೇ ಹಕ್ಕಿಯಿರುವ ಮನೆಯನ್ನು ಅವರೊಂದಿಗೆ ನಾವೂ ಹುಡುಕುತ್ತಿದ್ದೇವೆ. ಮಕ್ಕಳು ನಮ್ಮೊಡನೆ ಸರಿಯಾಗಿ ಮಾತನಾಡುತ್ತಿಲ್ಲ. ಪರಿಚಿತರ ವಿಮಾನ ಮುಂದಿನ ತಿಂಗಳ ಹತ್ತನೇ ತಾರೀಕಿಗೆ. ಹಕ್ಕಿಗೆ ಇನ್ನೂ ಮನೆ ಸಿಕ್ಕಿಲ್ಲ.