ಮುಗೀತ್ ಮಾರಾಯ್ರೆ

ಮರವಂತೆ ದಾಟುವಾಗ ಬೆಳಗಿನ ಒಂಬತ್ತೂವರೆ. ಎಡಕ್ಕೆ ಕಡಲು, ಬಲಕ್ಕೆ ಸೌಪರ್ಣಿಕಾ. ಬೈಂದೂರು ತಲುಪುವ ಮೊದಲೇ ಹೊಟ್ಟೆ ತಾಳ ಹಾಕಿತು. ಹೆದ್ದಾರಿಯಿಂದ ಒಳಗಿದ್ದ ಸಣ್ಣ ಹೋಟೆಲಿಗೆ ನುಗ್ಗಿ ಬನ್ಸ್ ಕೇಳಿದೆ.

"ಬನ್ಸ್ ಮುಗೀತ್ ಮಾರಾಯ್ರೆ. ಅವಲಕ್ಕಿ ಇತ್ತ್, ಕೊಡ್ಲಾ?"

ಹೇಳಿದವರ ಮುಖದಲ್ಲಿ ಸಂಕೋಚವಿರಲಿಲ್ಲ. ರಾತ್ರಿ ಬಾಳೆಹಣ್ಣು ಹಾಕಿ ಕಲಸಿಟ್ಟ ಹಿಟ್ಟು ಎಷ್ಟಿತ್ತೋ ಅಷ್ಟು ಎಣ್ಣೆಗೆ ಬಿದ್ದಿತ್ತು, ಏಳು ಗಂಟೆಗೆ ಬಂದವರು ತಿಂದು ಗದ್ದೆಗೋ ದೋಣಿಗೋ ಹೋಗಿಯಾಗಿತ್ತು. ತಡವಾದದ್ದು ನನಗೆ, ಅವರಿಗಲ್ಲ.

ಬೆಂಗಳೂರಿನಲ್ಲಿ ಈ ಮಾತು ಕೇಳಿ ಎಷ್ಟು ಕಾಲವಾಯಿತು! ಅಲ್ಲಿ ನಡುರಾತ್ರಿಯಲ್ಲೂ ಏನು ಬೇಕು ಎಂದು ಮೊಬೈಲೇ ಕೇಳುತ್ತದೆ. ಪಟ್ಟಿ ಓದಿ ಓದಿ ಹಸಿವೆಯೇ ಸುಸ್ತಾಗುತ್ತದೆ. ಹೋಟೆಲಿಗೇ ಹೋಗಿ ಕೊನೆಗೊಂದು ತರಿಸಿಕೊಂಡರೂ ಕಣ್ಣು ಪಕ್ಕದ ಮೇಜಿನ ತಟ್ಟೆಯ ಮೇಲೆ.

ಮೀನಿನ ವಿಷಯದಲ್ಲಿ ಈ ವ್ಯತ್ಯಾಸ ಇನ್ನೂ ಸ್ಪಷ್ಟ. ನಮ್ಮ ಕಡಲಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಗಂಗೊಳ್ಳಿ ಬಂದರಿನಲ್ಲಿ ಬೋಟುಗಳು ಒತ್ತೊತ್ತಾಗಿ ನಿಂತಿರುತ್ತವೆ. ಆ ಮಳೆಯಲ್ಲಿ ಕುಂದಾಪುರದ ಸಣ್ಣ ಮೀನೂಟದ ಹೋಟೆಲಿಗೆ ಹೋಗಿ ಅಂಜಲ್ ಕೇಳಿದರೆ ನಗುತ್ತಾರೆ. ಹೊಳೆಮೀನು ಸಿಕ್ಕಿದ್ದರೆ ಉಂಟು, ಇಲ್ಲದಿದ್ದರೆ ಒಣಮೀನಿನ ಚಟ್ನಿ, ಕುಚ್ಚಲಕ್ಕಿ ಗಂಜಿ. ಬೆಂಗಳೂರಿನಲ್ಲಿ ಮಾತ್ರ ಜುಲೈಯಲ್ಲೂ 'ಕರಾವಳಿ ಶೈಲಿ'ಯ ಅಂಜಲ್ ಫ್ರೈ. ಪೂರ್ವ ಕರಾವಳಿಯ ನಿಷೇಧ ಜೂನ್ 14ಕ್ಕೇ ಮುಗಿದಿರುತ್ತದೆ. ಈ ಕಡಲು ಮಲಗಿದರೆ ಆ ಕಡಲು, ಎರಡೂ ಮಲಗಿದರೆ ಐಸು. ತಿನ್ನುವವನಿಗೆ ಯಾವ ಕಡಲು ಮಲಗಿದೆಯೆಂಬುದೇ ತಿಳಿಯುವುದಿಲ್ಲ.

ವಿಚಿತ್ರವೆಂದರೆ, ಆ ನಗರಕ್ಕೆ ಹೋಟೆಲ್ ತಿಂಡಿಯ ರುಚಿ ಹತ್ತಿಸಿದವರಲ್ಲಿ ಈ ಕಡೆಯವರೇ ಬಹಳ. ಈಗಿನ ಬ್ರಹ್ಮಾವರ ತಾಲ್ಲೂಕಿನ ಪಾರಂಪಳ್ಳಿಯಿಂದ ಹೋದ ಮಯ್ಯ ಸಹೋದರರು 1924ರಲ್ಲಿ ತೆರೆದ ಹೋಟೆಲೇ ಮುಂದೆ ಎಂಟಿಆರ್ ಆಯಿತು. ಎರಡನೇ ಮಹಾಯುದ್ಧದ ಕಾಲದಲ್ಲಿ ಅಕ್ಕಿಗೆ ತತ್ವಾರ ಬಂದಾಗ ಅವರು ರವೆಯಲ್ಲಿ ಇಡ್ಲಿ ಮಾಡಿದರು. 'ಅಕ್ಕಿ ಇಲ್ಲ' ಎಂಬ ಮಾತಿಗೆ ಹುಟ್ಟಿದ ತಿಂಡಿ ಅದು. ಸಾಲಿಗ್ರಾಮದ ಕಡೆಯವರು ಗಾಂಧಿಬಜಾರಿನಲ್ಲಿ ಕಟ್ಟಿದ ವಿದ್ಯಾರ್ಥಿ ಭವನ ಶುಕ್ರವಾರ ಬಾಗಿಲು ಹಾಕುವುದು ದೋಸೆಪ್ರಿಯರಿಗೆಲ್ಲ ಗೊತ್ತು. ಆ ಮುಚ್ಚಿದ ಬಾಗಿಲು ನೋಡಿದಾಗಲೆಲ್ಲ ನನಗೆ ಊರು ನೆನಪಾಗುತ್ತದೆ.

ಊರನ್ನು ಹೊಗಳುವುದಕ್ಕೂ ಮಿತಿ ಬೇಕು. ಇಲ್ಲಿನ ಹುಡುಗರು ಬೊಂಬಾಯಿ, ಬೆಂಗಳೂರಿನ ಬಸ್ಸು ಹತ್ತಿ ಗ್ಲಾಸು ತೊಳೆಯಲು ಹೋದದ್ದು ಶೋಕಿಗಲ್ಲ. ಮನೆಯ ಅಕ್ಕಿ ಮುಡಿಯೇ ಮುಗಿದಿತ್ತು. ಹೋಟೆಲಿನ 'ಮುಗೀತ್' ಬೇರೆ, ಮನೆಯ 'ಮುಗೀತ್' ಬೇರೆ. ಎರಡನೆಯದನ್ನು ಕಂಡವನು ಇನ್ನೊಬ್ಬರಿಗೆ ಇಲ್ಲವೆನ್ನಲಾರದೆ ಪಟ್ಟಿ ಉದ್ದ ಮಾಡಿದನೇನೋ. ಅವನನ್ನು ದೂರಲಾರೆ.

ಅವಲಕ್ಕಿ ಬಂತು, ಜೊತೆಗೆ ಗಟ್ಟಿ ಮೊಸರು. ಪಕ್ಕದ ತಟ್ಟೆಯಲ್ಲೂ ಅವಲಕ್ಕಿಯೇ. ನೋಡಲು ಏನೂ ಇರಲಿಲ್ಲ. ಕಿಟಕಿಯಾಚೆ ಹೊಳೆ ನೋಡುತ್ತ ತಿಂದೆ.

ದುಡ್ಡು ಕೊಡುವಾಗ ನಾಳೆಯ ಬನ್ಸಿನ ಮಾತೆತ್ತಿದೆ.

"ಎಂಟ್ರೊಳ್ಗೆ ಬನಿ" ಎಂದರು.